ವ್ಯೂ ಲಕ್ಷ, ಖಾತೆಗೆ ಸೊನ್ನೆ: ನಮ್ಮ ಕಡೆಯ ಕ್ರಿಯೇಟರ್‌ಗಳು ದುಡ್ಡು ಕೈಗೆ ತಂದುಕೊಳ್ಳುವ ದಾರಿ

ಸಿಂಧನೂರು ಕಡೆ ಭತ್ತದ ನಾಟಿ ಯಂತ್ರ ಓಡುವ ಮೂವತ್ತು ಸೆಕೆಂಡಿನ ರೀಲ್‌ಗೆ ಮೂರು ಲಕ್ಷ ವ್ಯೂ ಬಂದರೂ ಖಾತೆಗೆ ಒಂದು ರೂಪಾಯಿ ಬಾರದೆ ಇರಬಹುದು. ಅದೇ ಯಂತ್ರದ ಬಾಡಿಗೆ ಎಷ್ಟು, ಎಕರೆಗೆ ಎಷ್ಟು ಟ್ರೇ ಬೇಕು, ಸಸಿಮಡಿ ಹೇಗೆ ಹಾಕಬೇಕು ಎಂದು ಬಿಡಿಸಿ ಹೇಳುವ ಒಂಬತ್ತು ನಿಮಿಷದ ಯೂಟ್ಯೂಬ್ ವಿಡಿಯೊ ಇಪ್ಪತ್ತು ಸಾವಿರ ವ್ಯೂಗೆ ನಿಂತರೂ ಹಂಗಾಮು ಬಂದಾಗಲೆಲ್ಲ ಅಷ್ಟಿಷ್ಟು ತಂದುಕೊಡುತ್ತದೆ. ನೋಡುವವರು ಯಾರು, ಯಾವ ಕೆಲಸಕ್ಕೆ ನೋಡುತ್ತಾರೆ, ನಿಮ್ಮ ಕಾಗದಪತ್ರ ಸರಿ ಇದೆಯೇ ಎಂಬುದರ ಮೇಲೆ ದುಡಿಮೆ ನಿಂತಿದೆ.

ದುಡ್ಡು ಬರುವ ದಾರಿಗಳು ಮುಖ್ಯವಾಗಿ ಮೂರು: ಪ್ಲಾಟ್‌ಫಾರ್ಮ್ ಕೊಡುವ ಜಾಹೀರಾತಿನ ಪಾಲು, ಅಂಗಡಿ ಮತ್ತು ಕಂಪನಿಗಳು ಕೊಡುವ ಪ್ರಚಾರದ ಹಣ, ಲಿಂಕ್ ಮೂಲಕ ಆದ ಮಾರಾಟದ ಕಮಿಷನ್. ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳಲ್ಲಿ ಮೊದಲ ವರ್ಷ ಎರಡನೆಯದೇ ಕೈ ಹಿಡಿಯುತ್ತದೆ. ಆದರೂ ಮೊದಲನೆಯದರ ಕಾಗದದ ಕೆಲಸ ತಿಂಗಳುಗಟ್ಟಲೆ ಹಿಡಿಯುವುದರಿಂದ ಅಲ್ಲಿಂದಲೇ ಶುರು ಮಾಡಬೇಕು.

ಯೂಟ್ಯೂಬಿನ ಅರ್ಹತೆ, ಲೆಕ್ಕದ ಸಮೇತ

ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್ ಇರಬೇಕು. ಜತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂ ಆಗಿರಬೇಕು. ಇದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ: 500 ಸಬ್‌ಸ್ಕ್ರೈಬರ್, 90 ದಿನದಲ್ಲಿ 3 ವಿಡಿಯೊ, 3,000 ಗಂಟೆ ಅಥವಾ 30 ಲಕ್ಷ ಶಾರ್ಟ್ಸ್ ವ್ಯೂ. ಅಲ್ಲಿ ಜಾಹೀರಾತಿನ ಪಾಲಿಲ್ಲ. ಸೂಪರ್ ಚಾಟ್, ಸೂಪರ್ ಥ್ಯಾಂಕ್ಸ್, ಮೆಂಬರ್‌ಶಿಪ್‌ನಂಥ ಅಭಿಮಾನಿಗಳ ಹಣ ಮಾತ್ರ, ಅದರಲ್ಲಿ ಶೇ 70 ನಿಮಗೆ.

4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬ ನೋಡುಗ ಸರಾಸರಿ ಮೂರು ನಿಮಿಷ ನಿಂತರೆ 80,000 ವ್ಯೂ ಬೇಕು, ನಾಲ್ಕು ನಿಮಿಷ ನಿಂತರೆ 60,000 ಸಾಕು. ಹಾಗಾಗಿ ವ್ಯೂ ಹೆಚ್ಚಿಸುವುದಕ್ಕಿಂತ ಮೊದಲ ಅರ್ಧ ನಿಮಿಷದ 'ಎಲ್ಲರಿಗೂ ನಮಸ್ಕಾರ, ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ' ಕತ್ತರಿಸುವುದು ಸುಲಭದ ಗಳಿಕೆ. ಬಹಳ ಜನ ಎಡವುವುದು ಇನ್ನೊಂದು ಕಡೆ: ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಈ 4,000 ಗಂಟೆಗೆ ಸೇರುವುದಿಲ್ಲ. ಪ್ರೈವೇಟ್ ಮಾಡಿದ ಅಥವಾ ಅಳಿಸಿದ ವಿಡಿಯೊದ ಗಂಟೆಗಳೂ ಲೆಕ್ಕದಿಂದ ಬಿದ್ದುಹೋಗುತ್ತವೆ. ಗುರಿ ಹತ್ತಿರ ಬಂದಾಗ ಹಳೆಯ 'ಚಂದ ಇಲ್ಲದ' ವಿಡಿಯೊಗಳನ್ನು ಅಳಿಸಬೇಡಿ.

ಅರ್ಜಿ ಹಾಕುವುದು ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊದ 'ಅರ್ನ್' ವಿಭಾಗದಲ್ಲಿ. ಎರಡು ಹಂತದ ಲಾಗಿನ್ ಆನ್ ಆಗಿರಬೇಕು, ಚಾಲ್ತಿಯಲ್ಲಿರುವ ಕಮ್ಯುನಿಟಿ ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ಯೂಟ್ಯೂಬ್ ಹಾಕುವ ದಂಡದ ಗುರುತು) ಇರಬಾರದು. ಪರಿಶೀಲನೆಗೆ ಸಾಮಾನ್ಯವಾಗಿ ಒಂದು ತಿಂಗಳು. ತಿರಸ್ಕಾರವಾದರೆ 21 ದಿನದೊಳಗೆ ಮೇಲ್ಮನವಿ ಹಾಕಬಹುದು, ಅಥವಾ 30 ದಿನ ಬಿಟ್ಟು ಹೊಸ ಅರ್ಜಿ. ಎರಡನೇ ಸಲವೂ ಬಿದ್ದರೆ ಕಾಯುವುದು 90 ದಿನ. ತಿರಸ್ಕಾರಕ್ಕೆ ಸಾಮಾನ್ಯ ಕಾರಣ ಮರುಬಳಕೆ: ಟಿವಿ ಸುದ್ದಿಯ ತುಣುಕು, ಬೇರೆಯವರ ರೀಲ್, ಒಂದೇ ಅಚ್ಚಿನಲ್ಲಿ ಯಂತ್ರದ ದನಿ ಕೂಡಿಸಿ ರಾಶಿ ಹಾಕಿದ ವಿಡಿಯೊ. ಮೇಲ್ಮನವಿಯಲ್ಲಿ ನೀವು ಹೇಗೆ ಶೂಟ್ ಮಾಡುತ್ತೀರಿ, ಹೇಗೆ ಎಡಿಟ್ ಮಾಡುತ್ತೀರಿ ಎಂದು ತೋರಿಸಬೇಕಾಗುತ್ತದೆ, ಆದ್ದರಿಂದ ಮೂಲ ಫೈಲ್‌ಗಳನ್ನು ಇಟ್ಟುಕೊಳ್ಳಿ.

ಒಪ್ಪಿಗೆ ಸಿಕ್ಕ ಮೇಲೆ ಇನ್ನೊಂದು ಕೆಲಸ ಬಾಕಿ. ಉದ್ದ ವಿಡಿಯೊಗೆ ಒಂದು, ಶಾರ್ಟ್ಸ್‌ಗೆ ಒಂದು ಎಂದು ಬೇರೆ ಬೇರೆ ಕರಾರಿಗೆ 'ಆಕ್ಸೆಪ್ಟ್' ಒತ್ತಬೇಕು. ಒತ್ತಿದ ದಿನದಿಂದ ಮುಂದಿನ ವ್ಯೂಗೆ ಮಾತ್ರ ಹಣ. ಹಿಂದಿನದಕ್ಕೆ ಇಲ್ಲ.

ಪಾಲು ಹೀಗಿದೆ: ಉದ್ದ ವಿಡಿಯೊದ ಜಾಹೀರಾತಿನಲ್ಲಿ ಶೇ 55, ಶಾರ್ಟ್ಸ್‌ನಲ್ಲಿ ಕ್ರಿಯೇಟರ್‌ಗೆ ಹಂಚಿದ ಮೊತ್ತದ ಶೇ 45. ಶಾರ್ಟ್‌ನಲ್ಲಿ ಒಂದು ಹಾಡು ಬಳಸಿದರೆ ಆ ವ್ಯೂಗಳ ಆದಾಯದಲ್ಲಿ ಅರ್ಧ ಸಂಗೀತದ ಲೈಸೆನ್ಸ್‌ಗೆ ಹೋಗಿ ಉಳಿದರ್ಧವಷ್ಟೇ ಹಂಚಿಕೆಗೆ ಬರುತ್ತದೆ, ಎರಡು ಹಾಡಾದರೆ ಮೂರರಲ್ಲಿ ಒಂದು. 8 ನಿಮಿಷ ದಾಟಿದ ವಿಡಿಯೊ ನಡುವೆಯೂ ಜಾಹೀರಾತು ಹಾಕಬಹುದು. ಜಾಗವನ್ನು ನೀವೇ ಗುರುತಿಸಿ, ಮಾತು ಮುಗಿದು ಹೊಸ ವಿಷಯ ಶುರುವಾಗುವಲ್ಲಿ. ಯಂತ್ರಕ್ಕೆ ಬಿಟ್ಟರೆ 'ಎಕರೆಗೆ ಹಾಕಬೇಕಾದ ಗೊಬ್ಬರ...' ಎಂಬಲ್ಲೇ ಕತ್ತರಿಸಿಬಿಡುವುದುಂಟು.

ಸ್ಟುಡಿಯೊದಲ್ಲಿ ಕಾಣುವ ಆರ್‌ಪಿಎಂ ಎಂದರೆ ಸಾವಿರ ವ್ಯೂಗೆ ನಿಮ್ಮ ಪಾಲಿಗೆ ಬಂದದ್ದು, ಯೂಟ್ಯೂಬಿನ ಪಾಲು ಕಳೆದ ಮೇಲೆ. ಸಿಪಿಎಂ ಜಾಹೀರಾತುದಾರ ಕೊಟ್ಟದ್ದು, ಅದನ್ನು ನೋಡಿ ಹಿಗ್ಗಬೇಡಿ. ಆರ್‌ಪಿಎಂ 25 ರೂಪಾಯಿ, ಡಾಲರ್ 88 ರೂಪಾಯಿ ಎಂದು ಹಿಡಿಯೋಣ. ಹಣ ಬಿಡುಗಡೆಯ ಮಿತಿ 100 ಡಾಲರ್, ಅಂದರೆ 8,800 ರೂಪಾಯಿ, ಅಂದರೆ ಸುಮಾರು ಮೂರೂವರೆ ಲಕ್ಷ ವ್ಯೂ. ಈ ಒಂದು ಲೆಕ್ಕ ಗೊತ್ತಿದ್ದರೆ ಸಾಲ ಮಾಡಿ ಕ್ಯಾಮೆರಾ ತರುವ ಹುಮ್ಮಸ್ಸು ತಾನೇ ಇಳಿಯುತ್ತದೆ. ಹಬ್ಬದ ತಿಂಗಳುಗಳಲ್ಲಿ ಜಾಹೀರಾತಿನ ದರ ಏರಿ, ಜನವರಿಯಲ್ಲಿ ಇಳಿಯುತ್ತದೆ. ಆಗ ಚಾನೆಲ್ ಕೆಟ್ಟಿತೆಂದು ಗಾಬರಿಯಾಗಬೇಡಿ.

ಏನು ಮಾಡಿದರೆ ಹೆಚ್ಚು ದಿನ ಬಾಳುತ್ತದೆ

'ಎಡದಂಡೆ ಕಾಲುವೆಗೆ ಇವತ್ತು ನೀರು ಬಿಟ್ಟರು' ಎಂಬ ವಿಡಿಯೊ ಎರಡು ದಿನ ಓಡಿ ಸಾಯುತ್ತದೆ. 'ಕೊನೆ ಭಾಗದ ಹೊಲಕ್ಕೆ ನೀರು ತಡವಾದರೆ ಯಾವ ಬೆಳೆ' ಎಂಬುದು ಪ್ರತಿ ಮುಂಗಾರಿಗೂ ಎದ್ದು ಬರುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಮಾರುವ ಸಣ್ಣ ವ್ಯಾಪಾರ, ಕಿನ್ನಾಳದ ಮರದ ಗೊಂಬೆ ಮಾಡುವ ಬಗೆ, ಅಂಜನಾದ್ರಿಗೆ ಹೋಗುವವರಿಗೆ ಮೆಟ್ಟಿಲು, ಬಸ್ಸು, ಊಟದ ಮಾಹಿತಿ, ರಾಯಚೂರಿನ ಹತ್ತಿ ಮಾರುಕಟ್ಟೆಗೆ ಮಾಲು ತರುವ ಮುಂಚೆ ತೇವಾಂಶ ನೋಡುವುದು: ಇಂಥವನ್ನು ಜನ ಹುಡುಕಿಕೊಂಡು ಬರುತ್ತಾರೆ. ಹುಡುಕಿ ಬಂದವನು ಕೊನೆತನಕ ನಿಲ್ಲುತ್ತಾನೆ. ಹಂಗಾಮು ಶುರುವಾಗುವ ಮೂರು-ನಾಲ್ಕು ವಾರ ಮುಂಚೆಯೇ ವಿಡಿಯೊ ಹಾಕಿ.

ನಮ್ಮ ಗಡಿ ಜಿಲ್ಲೆಗಳಲ್ಲಿ ತೆಲುಗು ನೋಡುಗರೂ ಇದ್ದಾರೆ. ಸ್ಟುಡಿಯೊದಲ್ಲಿ ವಿಡಿಯೊ ಭಾಷೆ ಕನ್ನಡ ಎಂದಿಟ್ಟು, ಶೀರ್ಷಿಕೆ-ವಿವರಣೆಯ ತೆಲುಗು ಅನುವಾದವನ್ನು ಅಲ್ಲೇ ಸೇರಿಸಬಹುದು. ಗೊತ್ತಿರುವ ಒಬ್ಬರಿಂದ ಬರೆಸಿ.

ಸಲಕರಣೆಯಲ್ಲಿ ಖರ್ಚು ಮಾಡುವುದಿದ್ದರೆ ಮೊದಲು ಮೈಕ್‌ಗೆ ಮಾಡಿ. ಬಯಲು ಎರೆಹೊಲದ ಗಾಳಿಗೆ ಫೋನಿನ ಮೈಕ್ ಬರೀ 'ಭರ್ರ್' ಎನ್ನುತ್ತದೆ. ಕಾಲರ್ ಮೈಕ್‌ಗೆ ತುಪ್ಪಳದ ಟೊಪ್ಪಿಗೆ ಹಾಕಿ, ಅಂಗಿಯ ಒಳಪದರಕ್ಕೆ ಉಜ್ಜದಂತೆ ಸಿಕ್ಕಿಸಿ. ಏಪ್ರಿಲ್-ಮೇನಲ್ಲಿ ರಾಯಚೂರಿನ ಬಿಸಿಲಿಗೆ ಫೋನ್ ಕಾದು ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ. ಎಂಟು ಗಂಟೆಯೊಳಗೆ ಹೊರಗಿನ ಶೂಟ್ ಮುಗಿಸಿ, ಫೋನಿನ ಕವರ್ ತೆಗೆದಿಡಿ.

ಜಾತ್ರೆಯ ವಿಡಿಯೊದಲ್ಲಿ ಒಂದು ಬಲೆ ಇದೆ. ಕೊಪ್ಪಳದ ಗವಿಮಠದ ಜಾತ್ರೆಯಾಗಲಿ, ಊರ ಉರುಸಾಗಲಿ, ಹಿಂದೆ ಮೈಕ್‌ನಲ್ಲಿ ಭಕ್ತಿಗೀತೆ, ಸಿನಿಮಾ ಹಾಡು ಓಡುತ್ತಿರುತ್ತದೆ. ಯೂಟ್ಯೂಬಿನ ಕಂಟೆಂಟ್ ಐಡಿ ಅದನ್ನು ಹಿಡಿದರೆ ಆ ವಿಡಿಯೊದ ಆದಾಯ ಹಾಡಿನ ಒಡೆಯರಿಗೆ ಹೋಗಬಹುದು. ಇದು ಕ್ಲೇಮ್, ಸ್ಟ್ರೈಕ್ ಅಲ್ಲ. ಚಾನೆಲ್‌ಗೆ ಅಪಾಯವಿಲ್ಲ, ದುಡ್ಡಿಗೆ ಮಾತ್ರ. ಸ್ಟುಡಿಯೊದಲ್ಲೇ ಆ ಹಾಡನ್ನಷ್ಟೇ ಅಳಿಸುವ, ಅಥವಾ ಆ ಭಾಗದ ಶಬ್ದ ತೆಗೆಯುವ ಸೌಲಭ್ಯವಿದೆ. ಇನ್ನೂ ಒಳ್ಳೆಯದು, ಸ್ಥಳದಲ್ಲಿ ದೃಶ್ಯ ಮಾತ್ರ ಹಿಡಿದು ಮನೆಯಲ್ಲಿ ಕೂತು ನಿಮ್ಮ ದನಿ ಕೂಡಿಸುವುದು. ಒಡೆಯರೇ ದೂರು ಕೊಟ್ಟು ವಿಡಿಯೊ ತೆಗೆಸಿದರೆ ಅದು ಸ್ಟ್ರೈಕ್. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಹೋಗುತ್ತದೆ.

ಹೆಸರು, ವಿಳಾಸ, ಪಿನ್, ಬ್ಯಾಂಕು

ನಮ್ಮ ಕಡೆ ಹಣ ನಿಲ್ಲುವುದು ಹೆಚ್ಚಾಗಿ ಇಲ್ಲಿ.

ಹೆಸರಿನಿಂದ ಶುರು ಮಾಡಿ. ಆಧಾರ್‌ನಲ್ಲಿ 'ಬಸವರಾಜ', ಪ್ಯಾನ್‌ನಲ್ಲಿ ಅಪ್ಪನ ಹೆಸರು ಸೇರಿ ಉದ್ದಕ್ಕೆ, ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಮುಂದೆ, ಹೀಗೆ ಮೂರು ಕಡೆ ಮೂರು ಇರುತ್ತದೆ. ಯೂಟ್ಯೂಬಿನ ಹಣ ಬರುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯ ಹೆಸರು, ಗುರುತಿನ ಚೀಟಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರಬೇಕು. ಖಾತೆ ತೆರೆಯುವ ಮುಂಚೆಯೇ ಪ್ಯಾನ್ ಮತ್ತು ಬ್ಯಾಂಕಿನ ಹೆಸರು ಹೊಂದಿಸಿಕೊಳ್ಳಿ. ಒಬ್ಬರಿಗೆ ಒಂದೇ ಆಡ್‌ಸೆನ್ಸ್ ಖಾತೆ. ಹಿಂದೆ ಯಾವುದೋ ಬ್ಲಾಗ್‌ಗೆ ತೆರೆದು ಮರೆತಿದ್ದರೆ ಹೊಸದು ತಿರಸ್ಕಾರವಾಗುತ್ತದೆ, ಹಳೆಯದನ್ನೇ ಜೋಡಿಸಿ. 18 ತುಂಬದವರು ತಂದೆ-ತಾಯಿಯ ಹೆಸರಿನ ಖಾತೆ ಜೋಡಿಸಬೇಕು.

ಗಳಿಕೆ 10 ಡಾಲರ್ ತಲುಪಿದಾಗ ಗುರುತಿನ ಪರಿಶೀಲನೆಯ ನಂತರ ಆರು ಅಂಕಿಯ ಪಿನ್ ಇರುವ ಕಾರ್ಡನ್ನು ಗೂಗಲ್ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತದೆ. ಸಾದಾ ಅಂಚೆ, ರಿಜಿಸ್ಟರ್ ಅಲ್ಲ, ಸಹಿ ಹಾಕಿಸಿಕೊಳ್ಳುವವರಿಲ್ಲ. ಹಳ್ಳಿ ವಿಳಾಸ ಬರೆಯುವಾಗ ಮೊದಲ ಸಾಲಿನಲ್ಲಿ ತಂದೆಯ ಹೆಸರು ಮತ್ತು ಓಣಿ, ಎರಡನೆಯದರಲ್ಲಿ ಗುರುತಿನ ಜಾಗ (ಗುಡಿ, ಶಾಲೆ, ಸೊಸೈಟಿ), ಆಮೇಲೆ ಅಂಚೆ ಕಚೇರಿ ಇರುವ ಊರು, ತಾಲೂಕು, ಜಿಲ್ಲೆ. ಪಿನ್‌ಕೋಡ್ ನಿಮ್ಮ ಊರಿಗೆ ಬಟವಾಡೆ ಮಾಡುವ ಅಂಚೆ ಕಚೇರಿಯದ್ದಾಗಿರಲಿ, ತಾಲೂಕು ಕೇಂದ್ರದ್ದಲ್ಲ. ಅಂಚೆಯಣ್ಣನಿಗೆ 'ಗೂಗಲ್ ಹೆಸರಲ್ಲಿ ಒಂದು ಕಾರ್ಡ್ ಬರ್ತದ, ಕೈಗೆ ಕೊಡ್ರಿ' ಎಂದು ಮೊದಲೇ ಹೇಳಿಡಿ. ಮೂರು ವಾರದಲ್ಲಿ ಬಾರದಿದ್ದರೆ ಹೊಸ ಪಿನ್ ಕೇಳಬಹುದು. ಮೊದಲ ಪಿನ್ ಹೊರಟ ದಿನದಿಂದ 4 ತಿಂಗಳೊಳಗೆ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಬಾಡಿಗೆ ಮನೆ, ಹಾಸ್ಟೆಲ್ ವಿಳಾಸ ಕೊಡದೆ ಊರ ಮನೆಯದ್ದೇ ಕೊಡುವುದು ಒಳ್ಳೆಯದು.

ಇನ್ನು ಬ್ಯಾಂಕು. ಹಣ ವಿದೇಶಿ ವರ್ಗಾವಣೆಯಾಗಿ ಬರುವುದರಿಂದ ಐಎಫ್‌ಎಸ್‌ಸಿ ಜತೆ ಸ್ವಿಫ್ಟ್ ಕೋಡ್ ಬೇಕು, 8 ಅಥವಾ 11 ಅಕ್ಷರದ್ದು. ಎಲ್ಲ ಶಾಖೆಗೂ ಅದು ಇರುವುದಿಲ್ಲ. ನಿಮ್ಮ ಶಾಖೆಯಲ್ಲಿ 'ವಿದೇಶದಿಂದ ಬರುವ ಹಣಕ್ಕೆ ಯಾವ ಸ್ವಿಫ್ಟ್ ಕೋಡ್ ಕೊಡಬೇಕು' ಎಂದು ಬರವಣಿಗೆಯಲ್ಲಿ ಕೇಳಿ. ಇಲ್ಲ ಎಂದರೆ ಜಿಲ್ಲಾ ಕೇಂದ್ರದಲ್ಲಿ ವಿದೇಶಿ ವಿನಿಮಯ ನೋಡುವ ವಾಣಿಜ್ಯ ಬ್ಯಾಂಕಿನಲ್ಲಿ ಇದಕ್ಕೆಂದೇ ಒಂದು ಉಳಿತಾಯ ಖಾತೆ ತೆರೆಯಿರಿ. ಅಂತರ್ಜಾಲದಲ್ಲಿ ಸಿಕ್ಕಿದ ಕೋಡ್ ಹಾಕಿದರೆ ಹಣ ಹೋಗಿ ವಾಪಸಾಗಿ ವಾರಗಟ್ಟಲೆ ತೂಗಾಡುತ್ತದೆ. ಮೊದಲ ಸಲ ಹಣ ಬಂದಾಗ ಇದು ಯಾತರ ದುಡ್ಡು ಎಂದು ಬ್ಯಾಂಕ್ ಕೇಳಬಹುದು. ಜಾಹೀರಾತು ಆದಾಯ ಎಂದು ಹೇಳಿ, ಆಡ್‌ಸೆನ್ಸ್‌ನ ಪಾವತಿ ರಸೀದಿ ತೋರಿಸಿ. ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕಿನಿಂದ ಪತ್ರ ಪಡೆದಿಟ್ಟುಕೊಳ್ಳಿ, ತೆರಿಗೆಗೆ ಬೇಕಾಗುತ್ತದೆ.

ಅಮೆರಿಕದ ತೆರಿಗೆ ಫಾರಂ ಬಿಟ್ಟುಬಿಡುವವರು ಬಹಳ. ಆಡ್‌ಸೆನ್ಸ್‌ನ ಪಾವತಿ ಸೆಟ್ಟಿಂಗ್‌ನಲ್ಲಿ ಡಬ್ಲ್ಯೂ-8ಬೆನ್ ಎಂಬ ಫಾರಂ ಇದೆ. ತೆರಿಗೆ ಸಂಖ್ಯೆಯ ಜಾಗದಲ್ಲಿ ಪ್ಯಾನ್ ಹಾಕಿ, ಭಾರತ-ಅಮೆರಿಕ ತೆರಿಗೆ ಒಪ್ಪಂದದ ರಿಯಾಯಿತಿ ಆರಿಸಿದರೆ ಅಮೆರಿಕದ ನೋಡುಗರಿಂದ ಬಂದ ಭಾಗಕ್ಕೆ ಮಾತ್ರ ಶೇ 15 ಕಡಿತ. ತುಂಬದಿದ್ದರೆ ಎಲ್ಲ ದೇಶದ ಗಳಿಕೆಯ ಮೇಲೂ ಶೇ 24ರವರೆಗೆ ಕಡಿತವಾಗಬಹುದು. ಸಂಡೂರಿನ ನೋಡುಗರು ತಂದ ದುಡ್ಡಿಗೂ ಅಮೆರಿಕದ ತೆರಿಗೆ!

ಜುಲೈ ಗಳಿಕೆ ಆಗಸ್ಟ್ 7ರಿಂದ 12ರೊಳಗೆ ಆಡ್‌ಸೆನ್ಸ್‌ನಲ್ಲಿ ಕಾಣಿಸಿ, 100 ಡಾಲರ್ ದಾಟಿದ್ದರೆ 21ರಿಂದ 26ರ ನಡುವೆ ಹೊರಡುತ್ತದೆ. ಪಿನ್, ಬ್ಯಾಂಕ್, ತೆರಿಗೆ ಯಾವುದೇ ಬಾಕಿ ಇದ್ದರೂ 20ರೊಳಗೆ ಮುಗಿಸಿ, ಇಲ್ಲದಿದ್ದರೆ ಮುಂದಿನ ತಿಂಗಳಿಗೆ ಹೋಯಿತು. ಹಾಂ, ಕಟ್ಟೆ ಮೇಲಿನ ಗೆಳೆಯರಿಗೆ 'ನನ್ನ ಆಡ್ ಒತ್ರೋ' ಎಂದು ಹೇಳಲೇಬೇಡಿ. ಖಾತೆ ಮುಚ್ಚಲು ಅದೊಂದೇ ಸಾಕು.

ಅಂಗಡಿಯವರ ಜತೆ ವ್ಯವಹಾರ

ಇನ್‌ಸ್ಟಾಗ್ರಾಮ್‌ನ ವ್ಯೂಗೆ ಯೂಟ್ಯೂಬಿನಂತೆ ಪಾಲು ಬರುತ್ತದೆಂದು ಕಾಯಬೇಡಿ. ಅಲ್ಲಿ ದುಡಿಮೆ ಎಂದರೆ ಪ್ರಚಾರವೇ. ಫೇಸ್‌ಬುಕ್‌ನಲ್ಲಿ ಕಂಟೆಂಟ್ ಮಾನಿಟೈಸೇಶನ್ ಎಂಬ ಯೋಜನೆ ಇದೆ, ನಿಮ್ಮ ಪೇಜ್‌ಗೆ ತೆರೆದಿದೆಯೇ ಎಂದು ಪ್ರೊಫೆಷನಲ್ ಡ್ಯಾಶ್‌ಬೋರ್ಡ್‌ನಲ್ಲಿ ನೋಡಿ.

ಹತ್ತು ಸಾವಿರ ಫಾಲೋವರ್ ಇರುವ, ಅದರಲ್ಲಿ ಹೆಚ್ಚಿನವರು ಬಳ್ಳಾರಿ ಸುತ್ತಲಿನವರೇ ಆಗಿರುವ ಪೇಜ್, ರಾಜ್ಯವಿಡೀ ಹರಡಿದ ಒಂದು ಲಕ್ಷದ ಪೇಜ್‌ಗಿಂತ ಊರಿನ ಜೀನ್ಸ್ ಅಂಗಡಿಗೆ ಹೆಚ್ಚು ಉಪಯೋಗ. ಇದನ್ನು ಬಾಯಲ್ಲಿ ಹೇಳದೆ ತೋರಿಸಿ: ಪೇಜ್‌ನ ಅಂಕಿಅಂಶ ತೋರಿಸುವ ಇನ್‌ಸೈಟ್ಸ್‌ನಲ್ಲಿ ನಗರವಾರು ನೋಡುಗರ ಪಟ್ಟಿ, ವಯಸ್ಸು, ಕಳೆದ 30 ದಿನದ ರೀಚ್ (ಎಷ್ಟು ಜನರನ್ನು ಮುಟ್ಟಿದೆ), ಮೂರರ ಸ್ಕ್ರೀನ್‌ಶಾಟ್ ಒಂದೇ ಪುಟಕ್ಕೆ ಹಾಕಿ ವಾಟ್ಸಾಪ್ ಮಾಡಿ.

ದರ ಹೇಳುವ ಕ್ರಮ: ಮೊದಲು ನಿಮ್ಮ ಅಸಲು ಹಾಕಿ. ಉದಾಹರಣೆಗೆ ಅರ್ಧ ದಿನದ ಶೂಟ್‌ಗೆ 800, ಎಡಿಟ್‌ಗೆ 1,000, ಪೆಟ್ರೋಲ್-ಇತರೆ 300, ಒಟ್ಟು 2,100. ಇದಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಕಳೆದುಕೊಂಡಂತೆ. ಅದರ ಮೇಲೆ ನಿಮ್ಮ ರೀಚ್‌ಗೆ ಇಷ್ಟು ಎಂದು ಸೇರಿಸಿ. ಅಂಗಡಿಯವರು ಆ ವಿಡಿಯೊವನ್ನು ತಮ್ಮ ಹೆಸರಲ್ಲಿ ದುಡ್ಡು ಹಾಕಿ ಜಾಹೀರಾತಾಗಿ ಓಡಿಸುತ್ತೇವೆ ಎಂದರೆ ಅದಕ್ಕೆ ಬೇರೆ ದರ, ಇಷ್ಟು ತಿಂಗಳು ಎಂಬ ಮಿತಿಯೊಂದಿಗೆ. 'ಮೂರು ತಿಂಗಳು ಬೇರೆ ಬಟ್ಟೆ ಅಂಗಡಿ ಮಾಡಬಾರದು' ಎಂದರೆ ಅದಕ್ಕೂ ಬೇರೆ.

ಕರಾರುಪತ್ರ ಎಂದರೆ ಇಲ್ಲಿನ ವ್ಯಾಪಾರಸ್ಥರು ಹಿಂದೇಟು ಹಾಕುತ್ತಾರೆ. ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿ 'ಸರಿ' ಎಂದು ಬರೆಸಿಕೊಂಡರೂ ಸಾಕು: 'ಅಣ್ಣಾರ, ಒಂದು ರೀಲ್, ಎರಡು ಸ್ಟೋರಿ. ಮುಂದಿನ ಶುಕ್ರವಾರ ಹಾಕುತ್ತೇನೆ. ತಿದ್ದುಪಡಿ ಎರಡು ಸಲ. ಪೇಜ್‌ನಲ್ಲಿ ಆರು ತಿಂಗಳು ಇರುತ್ತದೆ. ಒಟ್ಟು 4,000, ಶೂಟ್ ದಿನ 2,000, ಹಾಕಿದ ದಿನ 2,000.' ತಿದ್ದುಪಡಿಯ ಸಂಖ್ಯೆ ಬರೆಯದಿದ್ದರೆ ಅವರ ತಮ್ಮ, ಅಳಿಯ ಎಲ್ಲರೂ ಒಂದೊಂದು ಹೇಳಿ ವಾರ ಹೋಗುತ್ತದೆ. ಪೂರ್ತಿ ಹಣ ಬರುವ ತನಕ ವಾಟರ್‌ಮಾರ್ಕ್ ಇರುವ ಪ್ರತಿಯನ್ನೇ ತೋರಿಸಿ.

ದುಡ್ಡಿನ ಬದಲು ಎರಡು ಪ್ಯಾಂಟು ಕೊಡುತ್ತೇವೆ ಎನ್ನುವವರಿದ್ದಾರೆ. ಶುರುವಿನಲ್ಲಿ ಒಂದೆರಡು ಸಲ ನಡೆಯುತ್ತದೆ, ರೂಢಿಯಾದರೆ ಪೇಟೆಯಲ್ಲಿ ಅದೇ ನಿಮ್ಮ ದರವಾಗುತ್ತದೆ.

ಬೀಜ, ಕೀಟನಾಶಕದ ಪ್ರಚಾರಕ್ಕೆ ಹೆಚ್ಚು ಹಣ ಕೊಡುತ್ತಾರೆ, ಅಪಾಯವೂ ಹೆಚ್ಚು. ಮೆಣಸಿನಕಾಯಿ, ಹತ್ತಿಗೆ ನೀವು ಹೇಳಿದ ಔಷಧಿ ಹೊಡೆದು ಬೆಳೆ ಸುಟ್ಟರೆ ರೈತ ಕಂಪನಿಯನ್ನಲ್ಲ, ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ. ಪ್ಯಾಕಿನ ಮೇಲಿನ ಪ್ರಮಾಣ ಬಿಟ್ಟು ಬೇರೆ ಹೇಳಬೇಡಿ. ಅನುಮಾನವಿದ್ದರೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕೇಳಿದ ಮೇಲೆಯೇ ಒಪ್ಪಿಕೊಳ್ಳಿ.

ಲಿಂಕ್ ಕಮಿಷನ್ ಬಗ್ಗೆ ಚಿಕ್ಕದಾಗಿ: ಅಮೆಜಾನ್ ಅಸೋಸಿಯೇಟ್ಸ್‌ಗೆ ಸೇರಿದ 180 ದಿನದೊಳಗೆ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತದೆ. ಹಾಗಾಗಿ ಜನ ಕೇಳುವ ವಸ್ತುವಿನ ವಿಡಿಯೊ ಕೈಯಲ್ಲಿ ಇದ್ದಾಗಲೇ ಸೇರಿ. ಯೂಟ್ಯೂಬ್ ಶಾಪಿಂಗ್‌ನಲ್ಲಿ 2024ರಿಂದ ಫ್ಲಿಪ್‌ಕಾರ್ಟ್, ಮಿಂತ್ರಾ ವಸ್ತುಗಳನ್ನೂ ಟ್ಯಾಗ್ ಮಾಡಬಹುದು. ನೀವು ಬಳಸಿ ನೋಡಿದ ಬ್ಯಾಟರಿ ಸ್ಪ್ರೇಯರ್, ಹೊಲಿಗೆ ಯಂತ್ರದ ಬಿಡಿಭಾಗದಂಥವು ಇಲ್ಲಿ ಮೊಬೈಲ್ ಕವರ್‌ಗಿಂತ ಹೆಚ್ಚು ಮಾರುತ್ತವೆ.

ಕಾನೂನು ಮತ್ತು ತೆರಿಗೆ

ಹಣ ಅಥವಾ ವಸ್ತು ಪಡೆದು ಮಾಡಿದ ವಿಡಿಯೊದಲ್ಲಿ ಅದನ್ನು ಹೇಳಲೇಬೇಕು, ವಿಡಿಯೊದ ಭಾಷೆಯಲ್ಲೇ. 'ಜಾಹೀರಾತು' ಎಂಬ ಒಂದು ಪದ ಪರದೆಯ ಮೇಲೆ ಸಾಕು, ಆದರೆ ಹ್ಯಾಶ್‌ಟ್ಯಾಗ್ ರಾಶಿಯ ಕೆಳಗೆ ಹುಗಿಯಬಾರದು. ಜಾಹೀರಾತು ಮಾನಕ ಮಂಡಳಿ ಆಸ್ಕಿಯ ನಿಯಮದಂತೆ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡು, 2 ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು, ಅದಕ್ಕಿಂತ ಉದ್ದದ್ದರಲ್ಲಿ ಆ ವಸ್ತುವಿನ ಮಾತು ನಡೆಯುವಷ್ಟೂ ಹೊತ್ತು ಕಾಣಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷದವರೆಗೆ ದಂಡ ಹಾಕಬಹುದು.

ಬೆಟ್ಟಿಂಗ್, ರಮ್ಮಿ ಆ್ಯಪ್‌ಗಳ ದಲ್ಲಾಳಿಗಳು ಸಣ್ಣ ಪೇಜ್‌ಗಳಿಗೇ ಮೊದಲು ಮೆಸೇಜ್ ಹಾಕುತ್ತಾರೆ, ಒಂದು ಸ್ಟೋರಿಗೆ ಅಂಗಡಿಯವರು ಕೊಡುವುದರ ಹಲವು ಪಟ್ಟು ಹೇಳುತ್ತಾರೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಆಟದ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ನೋಡಿದ ಕೂಡಲೆ ಬ್ಲಾಕ್ ಮಾಡಿ.

ತೆರಿಗೆಗೆ ಒಂದು ನೋಟ್‌ಪುಸ್ತಕ ಸಾಕು: ದಿನಾಂಕ, ಯಾರಿಂದ, ಎಷ್ಟು, ಯಾವ ಕೆಲಸಕ್ಕೆ. ಖರ್ಚಿನ ಬಿಲ್‌ಗಳನ್ನೂ ಅದರಲ್ಲೇ ಅಂಟಿಸಿ. ಕಂಪನಿಗಳು ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿದು ಕೊಟ್ಟಿದ್ದರೆ ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಲೆಕ್ಕದ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಹಾಕದಿದ್ದರೆ ಅದು ವಾಪಸ್ ಬರುವುದಿಲ್ಲ. ಒಬ್ಬರಿಂದಲೇ ವರ್ಷಕ್ಕೆ 20,000 ರೂಪಾಯಿ ಮೀರಿದ ಫೋನ್, ಪ್ರವಾಸದಂಥ ಉಡುಗೊರೆ ಬಂದರೆ ಅದಕ್ಕೂ ಶೇ 10 ಟಿಡಿಎಸ್ ಇದೆ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ; ಆಡ್‌ಸೆನ್ಸ್ ಹಣವೂ ಈ ಲೆಕ್ಕಕ್ಕೆ ಸೇರುತ್ತದೆ. ಅಷ್ಟರ ಹತ್ತಿರ ಬಂದಾಗ ಆಡಿಟರ್ ಹತ್ತಿರ ಕೂತು ಮಾತಾಡಿ.

ಚಾನೆಲ್ ಕೈತಪ್ಪದಂತೆ

ದೊಡ್ಡ ಬ್ರ್ಯಾಂಡ್ ಹೆಸರಲ್ಲಿ ಇಮೇಲ್ ಬಂದು, 'ಕರಾರು ಈ ಫೈಲ್‌ನಲ್ಲಿದೆ' ಎಂದು ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸಿದರೆ ತೆರೆಯಬೇಡಿ. ಕಂಪ್ಯೂಟರಿನಲ್ಲಿ ಅದನ್ನು ಒತ್ತಿದರೆ ನಿಮ್ಮ ಲಾಗಿನ್ ಕದ್ದು, ಎರಡು ಹಂತದ ಭದ್ರತೆ ಇದ್ದರೂ ಚಾನೆಲ್ ಹಾರಿಸಿಕೊಂಡು ಹೋಗುತ್ತಾರೆ. ನಿಜವಾದ ಕರಾರು ಪಿಡಿಎಫ್ ಆಗಿ, ಕಂಪನಿಯದೇ ಡೊಮೈನ್‌ನ ಇಮೇಲ್‌ನಿಂದ ಬರುತ್ತದೆ. ಸಬ್‌ಸ್ಕ್ರೈಬರ್, ವಾಚ್ ಗಂಟೆ ಮಾರುವವರಿಂದಲೂ, 'ಮಾನಿಟೈಸ್ ಆದ ಚಾನೆಲ್' ಮಾರುವವರಿಂದಲೂ ದೂರ ಇರಿ. ಪರಿಶೀಲನೆಯಲ್ಲಿ ಅಂಥ ಗಂಟೆಗಳು ಕಳೆದುಹೋಗುತ್ತವೆ, ಕೊಟ್ಟ ದುಡ್ಡೂ ಹೋಗುತ್ತದೆ.

ಎಡಿಟಿಂಗ್ ಹುಡುಗನಿಗೆ ಜಿಮೇಲ್ ಪಾಸ್‌ವರ್ಡ್ ಕೊಡುವ ಬದಲು ಸ್ಟುಡಿಯೊದ ಸೆಟ್ಟಿಂಗ್, ಪರ್ಮಿಶನ್ಸ್‌ಗೆ ಹೋಗಿ ಅವನ ಇಮೇಲ್ ಸೇರಿಸಿ, ಆದಾಯ ಕಾಣದ 'ಲಿಮಿಟೆಡ್' ಎಡಿಟರ್ ಹಕ್ಕು ಕೊಡಿ. ಕೆಲಸ ಬಿಟ್ಟ ದಿನವೇ ತೆಗೆದುಹಾಕಬಹುದು. ಚಾನೆಲ್‌ನ ಜಿಮೇಲ್‌ಗೆ ಕೊಟ್ಟ ಫೋನ್ ನಂಬರ್ ಚಾಲ್ತಿಯಲ್ಲಿರುವ ಸಿಮ್‌ನದ್ದೇ ಎಂದು ನೋಡಿಕೊಳ್ಳಿ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರ ಕೈಗೆ ಹೋಗುತ್ತದೆ, ಒಟಿಪಿಯೂ ಅಲ್ಲಿಗೇ ಹೋಗುತ್ತದೆ. ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಬುಕ್ ಜತೆ ಇಡಿ.